ಅರ್ಧ ಕರೆಂಟು ಹಸಿರಂತೆ. ಹಾಗಾದರೆ 2030ರ ಗುರಿ ಮುಟ್ಟಿದ ಹಾಗೇನಾ?

ಲೆಕ್ಕಿಗ (ದಾವಣಗೆರೆ)

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೊಟ್ಟ ಸುದ್ದಿ ನೋಡಿರಬಹುದು. ದೇಶದ ವಿದ್ಯುತ್ ಸಾಮರ್ಥ್ಯ ಸುಮಾರು 485 ಗಿಗಾವ್ಯಾಟ್. ಅದರಲ್ಲಿ 242ಕ್ಕಿಂತ ಸ್ವಲ್ಪ ಜಾಸ್ತಿ ಸೋಲಾರ್, ಗಾಳಿ, ಜಲ, ಅಣು ಎಲ್ಲ ಸೇರಿ ಬಂದದ್ದು. ಅಂದರೆ ಅರ್ಧ. ಈ ಗುರಿಗೆ 2030ರವರೆಗೆ ಸಮಯ ಇತ್ತು. ಐದು ವರ್ಷ ಮೊದಲೇ ಮುಗಿಯಿತು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನ್ನ ಕೆಲಸ ಬೇರೆಯವರ ಲೆಕ್ಕಪತ್ರ ತಪಾಸಣೆ. ಐದು ವರ್ಷದ ಕೆಲಸ ಮೊದಲೇ ಮುಗಿಯಿತು ಅಂದರೆ ನನಗೆ ಮೊದಲು ಅನುಮಾನ ಬರುವುದು ಗುರಿಯ ಮೇಲೆ.

ಆದ್ದರಿಂದ ಗುರಿಗಳನ್ನೇ ಮೊದಲು ನೋಡೋಣ. 2015ರಲ್ಲಿ ಹವಾಮಾನದ ಪ್ಯಾರಿಸ್ ಒಪ್ಪಂದದ ಮುಂಚೆ ಭಾರತ ಕೊಟ್ಟ ಮಾತನ್ನು 2022ರ ಆಗಸ್ಟ್‌ನಲ್ಲಿ ಸ್ವಲ್ಪ ಏರಿಸಿದರು. 2030ಕ್ಕೆ ಅಂತ ಕಾಗದದ ಮೇಲೆ ಇರುವ ಅಂಕಿಯ ಗುರಿ ಮೂರು. ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬರುವ ಹಸಿರುಮನೆ ಅನಿಲ 2005ಕ್ಕಿಂತ ಶೇ 45 ಇಳಿಯಬೇಕು. ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಬೇರೆ ಮೂಲದಿಂದ ಬರಬೇಕು. ಕಾಡು, ಮರ ಬೆಳೆಸಿ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಸಬೇಕು. ಮೂರಕ್ಕೂ ಗಡುವು 2030. 2070ರ ನೆಟ್ ಝೀರೋ, ಅಂದರೆ ಬಿಟ್ಟಷ್ಟು ಅನಿಲವನ್ನು ಹೀರಿಸಿ ಲೆಕ್ಕ ಸೊನ್ನೆ ಮಾಡುವುದು, ಬೇರೆ, ಅದನ್ನು ನೋಡಲು ಈ ಗುಂಪಿನಲ್ಲಿ ಎಷ್ಟು ಜನ ಇರುತ್ತೇವೋ.

ಇದರಲ್ಲಿ ಎಲ್ಲಾದರೂ 'ಒಟ್ಟು ಇಷ್ಟು ಟನ್ ಕಡಿಮೆ ಮಾಡುತ್ತೇವೆ' ಅಂತ ಇದೆಯಾ? ಇಲ್ಲ. ಒಂದು ಸಣ್ಣ ಲೆಕ್ಕ ಮಾಡಿ. 2005ರಲ್ಲಿ ಜಿಡಿಪಿ 100, ಅನಿಲ 100 ಅಂದುಕೊಳ್ಳಿ. 2030ಕ್ಕೆ ಜಿಡಿಪಿ ನಾಲ್ಕು ಪಟ್ಟು ಆಯಿತು ಅಂದುಕೊಳ್ಳಿ. ರೂಪಾಯಿಗೆ ಶೇ 45 ಇಳಿದರೂ ಒಟ್ಟು ಅನಿಲ 220 ಆಗುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ ಹೊಗೆ, ಆದರೂ ಗುರಿ ಮುಟ್ಟಿದ ಹಾಗೆ.

ನನ್ನ ಮಾತು ಇಷ್ಟೇ. ಸರ್ಕಾರ ಗುರಿ ಮುಟ್ಟುತ್ತದೆ, ಅದರಲ್ಲಿ ನನಗೆ ಸಂಶಯ ಇಲ್ಲ. ಪ್ರಶ್ನೆ ಪತ್ರಿಕೆ ತಾನೇ ಬರೆದುಕೊಂಡ ಹುಡುಗ ಫೇಲಾಗುವುದು ಅಪರೂಪ. ನಿಮಗೇನನ್ನಿಸುತ್ತದೆ?

ಬೆಣ್ಣೆದೋಸೆ

ಲೆಕ್ಕಿಗ ಸರ್, ಬೆಳಗ್ಗೆ ಬೆಳಗ್ಗೆ ಇಷ್ಟು ಕಹಿ ಬೇಡ. ಮೊದಲು ತಿಂಡಿ ಮಾಡಿ.

ದೇಶ ಮೊದಲು

ಗುರಿ ಮುಟ್ಟಿದರೂ ತಪ್ಪು, ಮುಟ್ಟದಿದ್ದರೂ ತಪ್ಪು. ಭಾರತದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದವರದ್ದು 14ರ ಹತ್ತಿರ. ಅವರು 2025ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದದಿಂದ ಹೊರಗೆ ಹೋಗುತ್ತೇವೆ ಅಂತ ಎರಡನೇ ಸಲ ಹೇಳಿ ಆಯಿತು. ನಮ್ಮ ಹಳ್ಳಿಗಳಿಗೆ ಕರೆಂಟು ಸರಿಯಾಗಿ ಬಂದದ್ದೇ ಈಚೆಗೆ. ನಮ್ಮ ಒಟ್ಟು ಅನಿಲ ಏರಲೇಬೇಕು, ಅದರಲ್ಲಿ ನಾಚಿಕೆ ಏನು?

ಲೆಕ್ಕಿಗ (ದಾವಣಗೆರೆ)

ನಾಚಿಕೆ ಅಂತ ನಾನು ಎಲ್ಲೂ ಬರೆದಿಲ್ಲ. ಏರಬೇಕು ಅನ್ನುವುದು ನ್ಯಾಯವೇ. 'ಏರುತ್ತದೆ, ಆದರೆ ನಿಧಾನವಾಗಿ ಏರುತ್ತದೆ' ಅಂತ ನೇರ ಹೇಳಿದರೆ ಸಾಕು. 'ಕಡಿತ' ಅಂತ ಸುದ್ದಿ ಬರೆದಾಗ ಜನ ಹೊಗೆ ಕಮ್ಮಿ ಆಯಿತು ಅಂದುಕೊಳ್ಳುತ್ತಾರೆ.

ದುರ್ಗದ ಫ್ಯಾನು

ನಾನು ಚಿತ್ರದುರ್ಗದ ಸುತ್ತಮುತ್ತ ಗಾಳಿ ಫ್ಯಾನು ರಿಪೇರಿ ಮಾಡುವವನು. ಈ 'ಅರ್ಧ' ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಉದ್ದ ಆದರೆ ಬೇಜಾರು ಮಾಡಬೇಡಿ.

2 ಮೆಗಾವ್ಯಾಟ್ ಅಂತ ಬೋರ್ಡು ಇರುವ ಫ್ಯಾನು ವರ್ಷಪೂರ್ತಿ 2 ಮೆಗಾವ್ಯಾಟ್ ಕೊಡುವುದಿಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಆಷಾಢದಲ್ಲಿ, ಭರ್ತಿ ಗಾಳಿ. ಆ ತಿಂಗಳುಗಳಲ್ಲಿ ನಮಗೆ ರಜೆ ಕೇಳಿದರೂ ಕೊಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಎಷ್ಟೋ ದಿನ ರೆಕ್ಕೆ ಸುಮ್ನೆ ನಿಂತಿರುತ್ತದೆ. ವರ್ಷದ ಸರಾಸರಿ ತೆಗೆದರೆ ಬೋರ್ಡಿನ ಕಾಲು ಭಾಗದ ಆಸುಪಾಸು. ಸೋಲಾರ್ ಇನ್ನೂ ಸ್ವಲ್ಪ ಕಮ್ಮಿ, ರಾತ್ರಿ ಸೊನ್ನೆ. ಕಲ್ಲಿದ್ದಲು ಘಟಕ ಮಾತ್ರ ಶೇ 70ರ ಹತ್ತಿರ ಓಡುತ್ತದೆ. ಅದಕ್ಕೇ ಬೋರ್ಡಿನಲ್ಲಿ ಅರ್ಧರ್ಧ ಇದ್ದರೂ, ದೇಶದಲ್ಲಿ ತಯಾರಾಗುವ ನಾಲ್ಕು ಯೂನಿಟ್ ಕರೆಂಟಿನಲ್ಲಿ ಹೆಚ್ಚುಕಮ್ಮಿ ಮೂರು ಈಗಲೂ ಕಲ್ಲಿದ್ದಲಿನದ್ದೇ. ನಮ್ಮ ರಾಜ್ಯದಲ್ಲಿ ಪರಿಸ್ಥಿತಿ ಇದಕ್ಕಿಂತ ವಾಸಿ. ಶರಾವತಿ ನೀರು, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು, ನಮ್ಮ ದುರ್ಗ ಮತ್ತು ಗದಗದ ಗಾಳಿ, ಎಲ್ಲ ಇದೆ. 2024-25ರಲ್ಲಿ ದೇಶದಲ್ಲೇ ಜಾಸ್ತಿ ಗಾಳಿ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕ, 1,331 ಮೆಗಾವ್ಯಾಟ್.

ಆದರೆ ನಮ್ಮ ಹೊಟ್ಟೆ ಉರಿಯುವ ವಿಷಯ ಬೇರೆ. ಒಳ್ಳೆ ಬಿಸಿಲು, ಒಳ್ಳೆ ಗಾಳಿ ಎರಡೂ ಇರುವ ಮಧ್ಯಾಹ್ನ ಮೇಲಿಂದ ಸಂದೇಶ ಬರುತ್ತದೆ. 'ಇಳಿಸಿ'. ಬೇಡಿಕೆಗಿಂತ ಕರೆಂಟು ಜಾಸ್ತಿ ಆಗಿದೆ, ಇಲ್ಲ ಅಂದರೆ ಲೈನಿಗೆ ತಡೆಯುವ ಶಕ್ತಿ ಇಲ್ಲ. ನಾವು ರೆಕ್ಕೆಯ ಮುಖ ತಿರುಗಿಸಿ, ಗಾಳಿ ಹಿಡಿಯದ ಹಾಗೆ ಮಾಡಿ ಮೆಷಿನ್ ನಿಲ್ಲಿಸುತ್ತೇವೆ. ಅದೇ ಹೊತ್ತಿಗೆ ಕಲ್ಲಿದ್ದಲು ಘಟಕ ಓಡುತ್ತಲೇ ಇರುತ್ತದೆ. ಯಾಕೆಂದರೆ ಅದನ್ನು ಶೇ 55ಕ್ಕಿಂತ ಕೆಳಗೆ ಇಳಿಸುವುದು ಸುಲಭ ಇಲ್ಲ. ಪೂರ್ತಿ ಆರಿಸಿದರೆ ಸಂಜೆ ಏಳಕ್ಕೆ ಎಲ್ಲರೂ ಲೈಟು ಹಾಕುವ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುವುದಿಲ್ಲ.

ಹಾಗೆ ನಿಂತ ಫ್ಯಾನೂ ಆ 242 ಗಿಗಾವ್ಯಾಟ್ ಲೆಕ್ಕದಲ್ಲಿ ಇದ್ದೇ ಇರುತ್ತದೆ.

ಹಿರಿಯೂರು ಮೇಷ್ಟ್ರು

ಫ್ಯಾನು ತಮ್ಮಾ, ಚೆನ್ನಾಗಿ ಬಿಡಿಸಿ ಹೇಳಿದೆ. ನಮ್ಮ ಶಾಲೆ ಮಕ್ಕಳಿಗೆ ಓದಿ ಹೇಳುತ್ತೇನೆ.

ಒಂದು ಸೇರಿಸಬೇಕು. ಸರ್ಕಾರ ಗುರಿ ಮುಟ್ಟುತ್ತದೆಯೇ ಅಂತ ಕೇಳುವಾಗ ಹಳೇ ಗುರಿಗಳನ್ನೂ ನೋಡಬೇಕು. 2022ರೊಳಗೆ 175 ಗಿಗಾವ್ಯಾಟ್ ನವೀಕರಿಸಬಹುದಾದ ವಿದ್ಯುತ್ ಅಂತ ಹೇಳಿದ್ದರು, ದೊಡ್ಡ ಜಲಾಶಯಗಳನ್ನು ಬಿಟ್ಟು. ಸೋಲಾರ್ 100, ಗಾಳಿ 60, ಉಳಿದದ್ದು ಬಯೋಮಾಸ್ (ಬೆಳೆ ತ್ಯಾಜ್ಯದಂಥವು) ಮತ್ತು ಸಣ್ಣ ಜಲ. 2022 ಮುಗಿದಾಗ ಆಗಿದ್ದದ್ದು 120ರ ಆಸುಪಾಸು. ಗಾಳಿ 42. ಮನೆ ಚಾವಣಿ ಮೇಲಿನ ಸೋಲಾರ್ 40 ಆಗಬೇಕಿತ್ತು, ಕಾಲು ಭಾಗವೂ ಆಗಲಿಲ್ಲ. ಆ ಗುರಿಯ ಬಗ್ಗೆ ಈಗ ಯಾರೂ ಮಾತಾಡುವುದಿಲ್ಲ. ಮುಟ್ಟಿದ್ದಕ್ಕೆ ಜಾಹೀರಾತು, ಮುಟ್ಟದ್ದಕ್ಕೆ ಮೌನ.

ಬೆಣ್ಣೆದೋಸೆ

ಮೇಷ್ಟ್ರೇ, ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ 500 ಗಿಗಾವ್ಯಾಟ್ ಅಂತ ಏನೋ ಹೇಳಿದ್ದರಲ್ಲ? ಇನ್ನೊಂದು 100 ಕೋಟಿ ಟನ್ ಅನಿಲ ಕಡಿತ ಅಂತಲೂ?

ಹಿರಿಯೂರು ಮೇಷ್ಟ್ರು

ಹೇಳಿದ್ದರು. 2021ರ ನವೆಂಬರ್‌ನಲ್ಲಿ, ಪಂಚಾಮೃತ ಅಂತ ಹೆಸರಿಟ್ಟು. ಆದರೆ 2022ರಲ್ಲಿ ವಿಶ್ವಸಂಸ್ಥೆಗೆ ಬರೆದು ಕೊಟ್ಟ ದಾಖಲೆಯಲ್ಲಿ ಆ ಎರಡೂ ಇಲ್ಲ. 500 ಗಿಗಾವ್ಯಾಟ್ ದೇಶದೊಳಗಿನ ಗುರಿಯಾಗಿ ಉಳಿಯಿತು. ವೇದಿಕೆ ಮೇಲೆ ಐದು, ಕಾಗದಕ್ಕೆ ಇಳಿದಾಗ ಕಡಿಮೆ.

ಪಿ.ಜೆ. ಬಡಾವಣೆ ಆಂಟಿ

ಚಾವಣಿ ಸೋಲಾರ್ ಯಾಕೆ ಆಗಲಿಲ್ಲ ಅಂತ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಗಿದೆ.

2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂತು. ಒಂದು ಕೋಟಿ ಮನೆಗೆ ಅಂತ. ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕಿಂತ ಮೇಲೆ 78 ಸಾವಿರ ಸಬ್ಸಿಡಿ. ನಾನು ಬ್ಯಾಂಕಿನಲ್ಲಿ ಇದ್ದವಳು, ಕೂತು ಲೆಕ್ಕ ಹಾಕಿದೆ. ಸಬ್ಸಿಡಿ ಕಳೆದರೂ ನಮ್ಮ ಕೈಯಿಂದ ಲಕ್ಷದ ಮೇಲೆ ಹೋಗುತ್ತದೆ. ನಮ್ಮೆಜಮಾನರು ಕೇಳಿದ್ದು ಒಂದೇ ಪ್ರಶ್ನೆ. 'ಈಗ ತಿಂಗಳಿಗೆ ಕರೆಂಟ್ ಬಿಲ್ ಎಷ್ಟು ಬರುತ್ತಿದೆ?' ಸೊನ್ನೆ! 2023ರ ಆಗಸ್ಟ್‌ನಿಂದ ಗೃಹ ಜ್ಯೋತಿ ಇದೆ. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ 10, 200 ಯೂನಿಟ್ ಒಳಗೆ ಇದ್ದರೆ ಪೂರ್ತಿ ಮಾಫಿ. ಸೊನ್ನೆ ಬಿಲ್ಲನ್ನು ಇಳಿಸಲು ಲಕ್ಷ ರೂಪಾಯಿ ಯಾರು ಹಾಕುತ್ತಾರೆ?

ಗೃಹ ಜ್ಯೋತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಗೆಲಸದವಳ ಮನೆಯಲ್ಲಿ ಈಗ ಮಕ್ಕಳು ಫ್ಯಾನ್ ಹಾಕಿಕೊಂಡು ಓದುತ್ತವೆ. ಆದರೆ ಕೇಂದ್ರ ಒಂದು ಕೈಯಲ್ಲಿ ಚಾವಣಿಗೆ ಹಣ ಕೊಡುತ್ತದೆ, ರಾಜ್ಯ ಇನ್ನೊಂದು ಕೈಯಲ್ಲಿ ಆ ಹಣ ಬೇಡ ಅನ್ನಿಸುವ ಹಾಗೆ ಮಾಡುತ್ತದೆ. ಇಬ್ಬರೂ ಸೇರಿ ಕೂತು ಮಾತಾಡಿದ್ದರೆ ಆ ಬಡವರ ಚಾವಣಿ ಮೇಲೇ ಪ್ಯಾನೆಲ್ ಹಾಕಿ ಅಲ್ಲಿಂದಲೇ ಉಚಿತ ಕರೆಂಟು ಕೊಡಬಹುದಿತ್ತು, ಅಲ್ವಾ?

ದುರ್ಗದ ಫ್ಯಾನು

ಮೇಡಂ ಹೇಳಿದ್ದು ನೂರಕ್ಕೆ ನೂರು. ದೊಡ್ಡ ಕಂಪನಿ ಎರಡು ಸಾವಿರ ಎಕರೆಯಲ್ಲಿ ಮಾಡುವ ಕೆಲಸ ಬೇಗ ಆಗುತ್ತದೆ. ಲಕ್ಷ ಮನೆಗಳನ್ನು ಒಪ್ಪಿಸುವ ಕೆಲಸ ಆಗುವುದಿಲ್ಲ. ಹಾಗಾಗಿ ಸರ್ಕಾರ ಮುಟ್ಟುವ ಗುರಿಗಳೆಲ್ಲ ದೊಡ್ಡ ಕಂಪನಿ ಮುಟ್ಟಿಸುವ ಗುರಿಗಳು.

ಕೊನೇ ಭಾಗದ ರೈತ (ಹರಿಹರ ತಾಲ್ಲೂಕು)

ಎಲ್ಲರೂ ಕರೆಂಟು, ಕರೆಂಟು ಅನ್ನುತ್ತಿದ್ದೀರಿ. ಪೇಪರಿನಲ್ಲಿ ನಮ್ಮ ಭತ್ತದ ಗದ್ದೆಯಿಂದಲೂ ಅನಿಲ ಬರುತ್ತದೆ ಅಂತ ಓದಿದೆ. ನಿಜವೇ? ಬೆಳೆ ಬೆಳೆಯುವುದೂ ತಪ್ಪಾಯಿತಾ ಈಗ?

ಲೆಕ್ಕಿಗ (ದಾವಣಗೆರೆ)

ನಿಜ ಯಜಮಾನ್ರೇ. ತಪ್ಪು ಅಂತಲ್ಲ. ಸರ್ಕಾರ ವಿಶ್ವಸಂಸ್ಥೆಗೆ ಕೊಟ್ಟ 2020ರ ಲೆಕ್ಕದಲ್ಲಿ ದೇಶದ ಒಟ್ಟು ಅನಿಲ ಸುಮಾರು 296 ಕೋಟಿ ಟನ್, ಕಾಡು ಹೀರಿದ್ದನ್ನು ಕಳೆಯದೆ. ಅದರಲ್ಲಿ ಇಂಧನ ತೆಗೆಯುವುದು, ಸುಡುವುದರಿಂದ ಬಂದದ್ದು ಶೇ 75ರ ಮೇಲೆ. ಕೃಷಿಯಿಂದ ಶೇ 14ರ ಹತ್ತಿರ. ಕಾರ್ಖಾನೆಗಳ ಒಳಗಿನ ರಾಸಾಯನಿಕ ಕ್ರಿಯೆಯಿಂದ, ಅಂದರೆ ಸಿಮೆಂಟು, ಕಬ್ಬಿಣ ಇಂಥವುಗಳಿಂದ, ಶೇ 8. ಕೃಷಿಯ ಪಾಲಿನಲ್ಲಿ ದೊಡ್ಡದು ದನಕರುಗಳ ಮೆಲುಕಿನಿಂದ ಬರುವ ಮೀಥೇನ್. ಆಮೇಲೆ ಭತ್ತ ಮತ್ತು ಗೊಬ್ಬರ.

ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಹುಲ್ಲು, ಬೇರು ತಿಂದು ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. 2021ರಲ್ಲಿ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ಶೇ 30 ಇಳಿಸುತ್ತೇವೆ ಅಂತ ಒಂದು ಒಪ್ಪಂದ ಮಾಡಿಕೊಂಡವು. ಭಾರತ ಸೇರಲಿಲ್ಲ. ನಿಮ್ಮ ಭತ್ತ, ನಿಮ್ಮ ಎಮ್ಮೆಯ ತಂಟೆಗೆ ಬರುವುದು ಬೇಡ ಅಂತಲೇ.

ಕೊನೇ ಭಾಗದ ರೈತ (ಹರಿಹರ ತಾಲ್ಲೂಕು)

ಅದೊಂದು ಒಳ್ಳೇದು ಮಾಡಿದರು ಬಿಡಿ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಲು ಯಾವ ಆಫೀಸರು ಬರುತ್ತಾನೋ ನೋಡೋಣ.

ಮೆಕ್ಕೆಜೋಳ ದಲ್ಲಾಳಿ

ಎಥನಾಲ್ ಬಗ್ಗೆ ಯಾರೂ ಹೇಳಲಿಲ್ಲ. ಪೆಟ್ರೋಲಿಗೆ ಶೇ 20 ಎಥನಾಲ್ ಸೇರಿಸುವ ಗುರಿ ಮೊದಲು 2030ಕ್ಕೆ ಇತ್ತು. 2025ಕ್ಕೆ ಎಳೆದುಕೊಂಡರು, ಮುಟ್ಟಿಯೂ ಬಿಟ್ಟರು. ಈಗ ಕಬ್ಬಿಗಿಂತ ಮೆಕ್ಕೆಜೋಳದಿಂದ ಜಾಸ್ತಿ ಎಥನಾಲ್ ಬರುತ್ತಿದೆ. ದಾವಣಗೆರೆ ಜಿಲ್ಲೆಯ ಬೆಳೆ ದೇಶದ ಗುರಿ ಮುಟ್ಟಿಸುತ್ತಿದೆ, ಹೆಮ್ಮೆ ಪಡಿ ಸ್ವಾಮಿ.

ಹಿರಿಯೂರು ಮೇಷ್ಟ್ರು

ಹೆಮ್ಮೆ ಪಡೋಣ, ಆದರೆ ಜೋಳಕ್ಕೆ ಹಾಕುವ ಯೂರಿಯಾ? ಹೊಲಕ್ಕೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಒಂದು ಟನ್‌ಗೆ 270 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ ಅದು. ಯೂರಿಯಾ ತಯಾರಿಸಲು ಗ್ಯಾಸು ಬೇರೆ. 2025ರ ಮುಂಗಾರಿನಲ್ಲಿ ಯೂರಿಯಾಗೆ ಎಷ್ಟು ಉದ್ದ ಸಾಲು ನಿಂತಿತ್ತು ಅಂತ ನಿಮಗೇ ಗೊತ್ತು. ಪೆಟ್ರೋಲ್ ಬಂಕಿನಲ್ಲಿ ಉಳಿಸಿದ್ದರಲ್ಲಿ ಹೊಲದಲ್ಲಿ ಎಷ್ಟು ಹೋಯಿತು ಅಂತ ನೋಡದೆ ಜಯಘೋಷ ಬೇಡ.

ಮೆಕ್ಕೆಜೋಳ ದಲ್ಲಾಳಿ

ಮೇಷ್ಟ್ರೇ, ರೈತನಿಗೆ ಕ್ವಿಂಟಲ್‌ಗೆ ನಾಲ್ಕು ಕಾಸು ಜಾಸ್ತಿ ಸಿಕ್ಕರೆ ನಿಮಗೆ ಯಾಕೆ ಸಂಕಟ? ಪೆಟ್ರೋಲ್ ತರಲು ಹೊರದೇಶಕ್ಕೆ ಹೋಗುವ ಡಾಲರ್ ಉಳಿಯಿತಲ್ಲ, ಅದು ಲೆಕ್ಕಕ್ಕಿಲ್ಲವಾ?

ಹಿರಿಯೂರು ಮೇಷ್ಟ್ರು

ಡಾಲರಿಗೆ ಒಪ್ಪಿದೆ. ರೈತನಿಗೂ ಒಪ್ಪಿದೆ. ಹಸಿರು ಅನ್ನುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.

ಬೆಣ್ಣೆದೋಸೆ

ನಮ್ಮ ಮಂಡಕ್ಕಿ ಭಟ್ಟಿ ಹೊಗೆ ಈ ಲೆಕ್ಕದಲ್ಲಿ ಬರುತ್ತಾ?

ಲೆಕ್ಕಿಗ (ದಾವಣಗೆರೆ)

ತಮಾಷೆಗೆ ಕೇಳಿದರೂ ಒಳ್ಳೆ ಪ್ರಶ್ನೆ. ಭಟ್ಟಿಯಲ್ಲಿ ಭತ್ತದ ಹೊಟ್ಟು ಉರಿಸಿದರೆ ಬರುವ ಇಂಗಾಲದ ಡೈಆಕ್ಸೈಡನ್ನು ದೇಶದ ಒಟ್ಟು ಲೆಕ್ಕಕ್ಕೆ ಸೇರಿಸುವುದಿಲ್ಲ. ಮುಂದಿನ ವರ್ಷದ ಭತ್ತ ಅದನ್ನು ವಾಪಸ್ ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ. ಟೈರು ಉರಿಸಿದರೆ ಅದರಲ್ಲಿ ಪೆಟ್ರೋಲಿಯಂ ಪಾಲಿದೆ, ಅಷ್ಟು ಸೇರಬೇಕು. ಆದರೆ ಮೂಗಿಗೆ ಬಡಿಯುವ ಮಸಿ ಎರಡರದ್ದೂ ಒಂದೇ. ಭಟ್ಟಿ ಹತ್ತಿರ ಇರುವವರ ಕೆಮ್ಮಿಗೂ 2030ರ ಗುರಿಗೂ ಸಂಬಂಧ ಇಲ್ಲ. ಅದು ಬೇರೆ ಇಲಾಖೆ, ಬೇರೆ ಕಾನೂನು.

ಕಾವಲು ಹುಡುಗ (ಚಳ್ಳಕೆರೆ)

ಮೂರನೇ ಗುರಿ, ಕಾಡಿನದ್ದು, ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಾನು ಬಿಡುತ್ತೇನೆ.

2024ರ ಡಿಸೆಂಬರ್‌ನಲ್ಲಿ ಬಂದ ಅರಣ್ಯ ಸಮೀಕ್ಷೆ ವರದಿ ಪ್ರಕಾರ 2005ರ ನಂತರ 229 ಕೋಟಿ ಟನ್ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ನಮ್ಮ ಕಾಡು, ಮರಗಳಲ್ಲಿ ಸೇರಿಕೊಂಡಿದೆ. ಗುರಿ 250ರಿಂದ 300. ಹತ್ತಿರ ಹತ್ತಿರ ಬಂದಾಯಿತು. ಆದರೆ ಕಾಡು ಅಂದರೆ ಅವರಿಗೆ ಯಾವುದು? ಒಂದು ಹೆಕ್ಟೇರಿಗಿಂತ ದೊಡ್ಡ ಜಾಗ, ಶೇ 10ಕ್ಕಿಂತ ಜಾಸ್ತಿ ಮರದ ನೆರಳು. ಯಾರ ಜಮೀನಾದರೂ ಸರಿ, ಯಾವ ಮರವಾದರೂ ಸರಿ. ಉಪಗ್ರಹ ಮೇಲಿಂದ ನೋಡುತ್ತದೆ. ಅಂದಮೇಲೆ ಚನ್ನಗಿರಿಯ ಅಡಿಕೆ ತೋಟವೂ ಕಾಡು, ಹೊಸದುರ್ಗದ ತೆಂಗಿನ ತೋಟವೂ ಕಾಡು. ಸಾವಿರ ಅಡಿ ಬೋರು ಕೊರೆಸಿ, ಮೋಟಾರು ಓಡಿಸಿ ಬೆಳೆಸಿದ ಅಡಿಕೆ, ಕಾಡಿನ ಲೆಕ್ಕಕ್ಕೆ ಜಮಾ.

ಈಗ ನಮ್ಮ ಕಡೆ ಬನ್ನಿ. ಚಳ್ಳಕೆರೆ ಅಮೃತ ಮಹಲ್ ಕಾವಲು, ಅಂದರೆ ಆ ತಳಿಯ ದನಗಳಿಗೆ ಅಂತ ಬಿಟ್ಟ ಹುಲ್ಲುಗಾವಲು. ನನ್ನ ಅಜ್ಜ ಅಲ್ಲಿ ಕುರಿ ಮೇಯಿಸಿ ಮನೆ ನಡೆಸಿದವರು. ಕಂಬಳಿ ನೇಯುವವರಿಗೆ ಉಣ್ಣೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಅದರಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಅಣು, ಬಾಹ್ಯಾಕಾಶ ಸಂಶೋಧನೆಗೆ, ವಿಜ್ಞಾನ ಸಂಸ್ಥೆಗೆ, ಒಂದಷ್ಟು ಸೋಲಾರ್‌ಗೂ ಕೊಟ್ಟರು. ಹಸಿರು ನ್ಯಾಯಮಂಡಳಿವರೆಗೆ ಕೇಸು ಹೋಯಿತು. ಹುಲ್ಲುಗಾವಲಿನ ಇಂಗಾಲ ಇರುವುದು ಮಣ್ಣಿನೊಳಗೆ, ಬೇರಿನಲ್ಲಿ. ಬರ ಬಂದರೂ ಅದು ಅಲ್ಲೇ ಇರುತ್ತದೆ, ಬೆಂಕಿ ಬಿದ್ದರೂ ಬಹುಪಾಲು ಉಳಿಯುತ್ತದೆ. ಉಪಗ್ರಹಕ್ಕೆ ಅದು ಕಾಣುವುದಿಲ್ಲ. ಹಾಗಾಗಿ ದಾಖಲೆಯಲ್ಲಿ ಅದು ಖಾಲಿ ಜಾಗ. ಖಾಲಿ ಜಾಗ ಅಂದಮೇಲೆ ಪ್ಯಾನೆಲ್ ಹಾಕಿ, ಬೇಲಿ ಹಾಕಿ, ಯಾರು ಕೇಳುತ್ತಾರೆ?

ಗುರಿ ಮುಟ್ಟುತ್ತದೆ ಅಣ್ಣಂದಿರಾ. ನಮ್ಮ ಕಾವಲು ಹೋಗಿ, ಅಡಿಕೆ ತೋಟ ಬಂದು ಮುಟ್ಟುತ್ತದೆ.

ದೇಶ ಮೊದಲು

ಸೋಲಾರ್ ಬೇಕು ಅನ್ನುತ್ತೀರಿ, ಜಾಗ ಕೊಡಬಾರದು ಅನ್ನುತ್ತೀರಿ. ಆಕಾಶದಲ್ಲಿ ಹಾಕಬೇಕಾ?

ಕಾವಲು ಹುಡುಗ (ಚಳ್ಳಕೆರೆ)

ಪಾವಗಡದಲ್ಲಿ ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರು. ಸುಮಾರು 13 ಸಾವಿರ ಎಕರೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಆಮೇಲೆ ಎರಡು ವರ್ಷಕ್ಕೊಮ್ಮೆ ಏರಿಕೆ. ಜಮೀನು ಇದ್ದವನಿಗೆ ಬಾಡಿಗೆ ಬಂತು. ಕೂಲಿಗೆ ಹೋಗುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಏನೂ ಬರಲಿಲ್ಲ. ಆಕಾಶ ಬೇಡ ಸರ್. ನಮ್ಮ ಪಾಲು ಎಲ್ಲಿ ಅಂತ ಕೇಳುತ್ತಿದ್ದೇನೆ.

ನಿರ್ವಾಹಕ

ದಯವಿಟ್ಟು ವೈಯಕ್ತಿಕ ಆಗಬೇಡಿ. ಪಕ್ಷ ರಾಜಕೀಯದ ಎರಡು ಕಾಮೆಂಟ್ ತೆಗೆದಿದ್ದೇನೆ.

ಹಿರಿಯೂರು ಮೇಷ್ಟ್ರು

ಮುಟ್ಟದಿದ್ದರೆ ಏನಾಗುತ್ತದೆ ಅಂತಲೂ ಕೇಳಬೇಕು. ಏನೂ ಆಗುವುದಿಲ್ಲ! ಪ್ಯಾರಿಸ್ ಒಪ್ಪಂದದಲ್ಲಿ ದಂಡ ಇಲ್ಲ. ಅದರ ಹಿಂದಿನ ಕ್ಯೋಟೋ ಒಪ್ಪಂದದಲ್ಲಿ ಕೆನಡಾ 1990ಕ್ಕಿಂತ ಶೇ 6 ಇಳಿಸುತ್ತೇನೆ ಅಂದಿತ್ತು. ಇಳಿಯುವ ಬದಲು ಏರಿತು. 2011ರ ಡಿಸೆಂಬರ್‌ನಲ್ಲಿ ಒಪ್ಪಂದದಿಂದಲೇ ಹೊರಗೆ ಹೋಗುತ್ತೇನೆ ಅಂದಿತು, ಅಷ್ಟೇ.

ಬ್ರಿಟನ್‌ನಲ್ಲಿ 2008ರಲ್ಲೇ ಕಾನೂನು ಮಾಡಿದರು. ಐದೈದು ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ. ಸರ್ಕಾರಕ್ಕೆ ಸೇರದ ಒಂದು ಸಮಿತಿ ಪ್ರತಿ ವರ್ಷ ಪಾರ್ಲಿಮೆಂಟಿಗೆ ವರದಿ ಕೊಡುತ್ತದೆ. ಇಲ್ಲಿ ಹಿಂದೆ ಬಿದ್ದಿದ್ದೀರಿ, ಅಲ್ಲಿ ಸರಿಯಾಗಿದೆ ಅಂತ. 2024ರ ಸೆಪ್ಟೆಂಬರ್ 30ಕ್ಕೆ ಅವರ ಕೊನೆಯ ಕಲ್ಲಿದ್ದಲು ವಿದ್ಯುತ್ ಘಟಕ ಮುಚ್ಚಿತು. ಅವರ ಹಳೇ ಪಾಪ ದೊಡ್ಡದು, ಒಪ್ಪುತ್ತೇನೆ. ಆದರೆ ಲೆಕ್ಕ ಕೇಳುವ ಆ ವ್ಯವಸ್ಥೆ ನಮಗೂ ಬೇಕು. ನಮ್ಮಲ್ಲಿ ಹವಾಮಾನಕ್ಕೆ ಅಂತ ಒಂದು ಕಾಯ್ದೆಯೇ ಇಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಯಲ್ಲಿ ಬರುವ ಹಕ್ಕು ಅಂದಿತು. ಹಕ್ಕು ಬಂತು, ಕೇಳುವ ಕಚೇರಿ ಬರಲಿಲ್ಲ.

ಪಿ.ಜೆ. ಬಡಾವಣೆ ಆಂಟಿ

ಕಲ್ಲಿದ್ದಲು ನಾವು ಯಾವಾಗ ಮುಚ್ಚುತ್ತೇವೆ ಮೇಷ್ಟ್ರೇ?

ಲೆಕ್ಕಿಗ (ದಾವಣಗೆರೆ)

ಮುಚ್ಚುವುದು ದೂರ ಮೇಡಂ. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ 100 ಕೋಟಿ ಟನ್ ದಾಟಿತು. ಅದಕ್ಕೂ ಚಪ್ಪಾಳೆ ಬಿತ್ತು, ಅದೇ ಗುಂಪಿನಲ್ಲಿ. 2031-32ರೊಳಗೆ ಇನ್ನೂ 80 ಗಿಗಾವ್ಯಾಟ್ ಕಲ್ಲಿದ್ದಲು ಘಟಕ ಬೇಕು ಅನ್ನುವುದು ಕೇಂದ್ರದ ಯೋಜನೆ. ನಮ್ಮ ಪಕ್ಕದ ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವ್ಯಾಟ್ ಇದೆ, ರಾಯಚೂರು, ಯರಮರಸ್, ಕೂಡಗಿ ಸೇರಿಸಿದರೆ ಇನ್ನೂ ಎಷ್ಟೋ. ಯಾವುದಕ್ಕೂ ಮುಚ್ಚುವ ದಿನಾಂಕ ಈ ಗುರಿಗಳಲ್ಲಿ ಇಲ್ಲ. ತೋರಣಗಲ್ಲಿನ ಉಕ್ಕು ಬೇರೆ. ದೊಡ್ಡ ಕುಲುಮೆಯಲ್ಲಿ ಅದಿರಿನಿಂದ ಕಬ್ಬಿಣ ತೆಗೆಯಲು ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡಿದ ಇಂಧನ, ಬೇಕೇ ಬೇಕು. ಅದು ಫ್ಯಾನಿನ ಕರೆಂಟಿನಿಂದ ಆಗುವ ಕೆಲಸ ಅಲ್ಲ.

ದುರ್ಗದ ಫ್ಯಾನು

ಆದರೂ ನಾನು ಪೂರ್ತಿ ನಿರಾಶಾವಾದಿ ಅಲ್ಲ. ಜೋಗಿಮಟ್ಟಿ ಗುಡ್ಡದ ಮೇಲೆ ಮೊದಲು ನಿಂತ ಫ್ಯಾನುಗಳು ಪುಟ್ಟವು. ಈಗ ಬಯಲು ಹೊಲದಲ್ಲಿ ನಿಲ್ಲಿಸುವ ಒಂದೊಂದು 3 ಮೆಗಾವ್ಯಾಟ್ ದಾಟುತ್ತದೆ, ಕಂಬವೇ ನೂರು ಮೀಟರ್ ಮೇಲೆ. ಒಳ್ಳೆ ಗಾಳಿ ಇರುವ ಜಾಗದಲ್ಲಿ ಹಳೇ ಸಣ್ಣ ಮೆಷಿನ್ ಇದೆ, ಅದನ್ನು ತೆಗೆದು ದೊಡ್ಡದು ಹಾಕಿದರೆ ಹೊಸ ಜಮೀನು ಕೇಳುವುದೇ ಬೇಡ. 2023ರಲ್ಲಿ ಅದಕ್ಕೆ ನೀತಿಯೂ ಬಂದಿದೆ. ಕೆಲಸ ನಿಧಾನ, ಯಾಕೆಂದರೆ ಹಳೇ ಮಾಲೀಕರು ತುಂಬಾ ಜನ, ಹಳೇ ಒಪ್ಪಂದಗಳ ಅವಧಿ ಬೇರೆ ಬೇರೆ.

ಮತ್ತೆ ಬೇಕಿರುವುದು ಕೂಡಿಡುವ ವ್ಯವಸ್ಥೆ. ಮಧ್ಯಾಹ್ನದ್ದನ್ನು ರಾತ್ರಿಗೆ ಇಡಬೇಕು. ಬ್ಯಾಟರಿ ಬೆಲೆ ಬಿದ್ದಿದೆ. ಶರಾವತಿಯಲ್ಲಿ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಮಾಡುತ್ತೇವೆ ಅನ್ನುತ್ತಿದ್ದಾರೆ. ಕೆಳಗಿನ ನೀರನ್ನು ಹಗಲು ಮೇಲೆತ್ತಿ, ಸಂಜೆ ಬಿಟ್ಟು ಕರೆಂಟು ತೆಗೆಯುವುದು. ಅದು ಸಿಂಗಳೀಕದ ಕಾಡು, ಅಲ್ಲಿಯವರು ವಿರೋಧ ಮಾಡುತ್ತಿದ್ದಾರೆ, ಅವರ ಮಾತಿನಲ್ಲೂ ನ್ಯಾಯ ಇದೆ. ನನ್ನ ಆಯ್ಕೆ ಕೇಳಿದರೆ ಮೊದಲು ಬ್ಯಾಟರಿ.

ಕೊನೇ ಭಾಗದ ರೈತ (ಹರಿಹರ ತಾಲ್ಲೂಕು)

ಹಗಲು ಕರೆಂಟು ಜಾಸ್ತಿ ಆಗಿ ನೀವು ಫ್ಯಾನು ನಿಲ್ಲಿಸುತ್ತೀರಿ ಅಂತ ಈಗ ಗೊತ್ತಾಯಿತು. ನಮ್ಮ ಕಡೆ ಪಂಪ್‌ಸೆಟ್ಟಿಗೆ ಏಳು ಗಂಟೆ ತ್ರೀ ಫೇಸ್, ಅದರಲ್ಲೂ ಒಂದಷ್ಟು ರಾತ್ರಿ. ಹಾವು, ಚೇಳಿನ ಮಧ್ಯೆ ಟಾರ್ಚು ಹಿಡಿದು ಮೋಟಾರ್ ಹಾಕಲು ಹೋಗುತ್ತೇವೆ. ಆ ಹಗಲಿನ ಕರೆಂಟು ನಮಗೇ ಕೊಡಿ ಮಾರಾಯ್ರೇ!

ದುರ್ಗದ ಫ್ಯಾನು

ಅಣ್ಣಾ, ಕುಸುಮ್ ಯೋಜನೆಯಲ್ಲಿ ಅದನ್ನೇ ಮಾಡುವುದು. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲೇ ಕೊಡುವುದು. ನನ್ನನ್ನು ಕೇಳಿದರೆ ಈ ಎಲ್ಲಾ ಗುರಿಗಳಿಗಿಂತ ಇದು ಮೇಲು. ಲೈನು ಉದ್ದ ಎಳೆಯುವುದು ಬೇಡ, ಕೂಡಿಡುವುದೂ ಬೇಡ.

ದೇಶ ಮೊದಲು

ಅಂತೂ ಸರ್ಕಾರ ಒಂದು ಒಳ್ಳೆ ಕೆಲಸ ಮಾಡಿದೆ ಅಂತ ಒಪ್ಪಿಕೊಂಡಿರಿ.

ದುರ್ಗದ ಫ್ಯಾನು

ಮಾಡಿದೆ ಅನ್ನಲಿಲ್ಲ. ಮಾಡಿದರೆ ಒಳ್ಳೇದು ಅಂದೆ. 🙂

ಪಿ.ಜೆ. ಬಡಾವಣೆ ಆಂಟಿ

ಲೆಕ್ಕಿಗ ಅವರೇ, 2030ಕ್ಕೆ ಮುಟ್ಟಿದರೋ ಇಲ್ಲವೋ ಅಂತ ನಮಗೆ ಯಾವಾಗ ಗೊತ್ತಾಗುತ್ತದೆ? ಜನವರಿ 2031ಕ್ಕೆ?

ಲೆಕ್ಕಿಗ (ದಾವಣಗೆರೆ)

ಇಲ್ಲ ಮೇಡಂ. 2020ರ ಲೆಕ್ಕ ನಮ್ಮ ಸರ್ಕಾರ ವಿಶ್ವಸಂಸ್ಥೆಗೆ ಕೊಟ್ಟದ್ದು 2024ರ ಡಿಸೆಂಬರ್ ಕೊನೆಗೆ. ಆ ವರದಿ ಪ್ರಕಾರ 2005ರಿಂದ 2020ರೊಳಗೆ ರೂಪಾಯಿಗೆ ಬರುವ ಅನಿಲ ಶೇ 36 ಇಳಿದಿದೆ. 2019ರವರೆಗೆ ಇಳಿದದ್ದು ಶೇ 33. ಇನ್ನು ಒಂಬತ್ತು ಅಂಶ ಬಾಕಿ, ಹತ್ತು ವರ್ಷ ಕೈಯಲ್ಲಿ. ಈ ಓಟದಲ್ಲಿ ಸಲೀಸಾಗಿ ಮುಟ್ಟುತ್ತಾರೆ. ಒಂದು ಎಚ್ಚರಿಕೆ ಇದೆ, 2020 ಕೊರೋನಾ ವರ್ಷ. ಲಾಕ್‌ಡೌನ್‌ನಿಂದ ಒಟ್ಟು ಅನಿಲ ಹಿಂದಿನ ವರ್ಷಕ್ಕಿಂತ ಶೇ 8ರ ಹತ್ತಿರ ಇಳಿದಿತ್ತು. ಅದೇ ಓಟದಲ್ಲಿ ಮುಂದಿನ ವರದಿಗಳೂ ಇರುತ್ತವೆ ಅಂತ ಹೇಳಲಾಗದು. ಇದೇ ವೇಗದಲ್ಲಿ ವರದಿ ಬಂದರೆ 2030ರ ಪಕ್ಕಾ ಲೆಕ್ಕ ಸಿಗುವುದು 2034ರ ಸುಮಾರಿಗೆ. ಅಷ್ಟರಲ್ಲಿ ಒಂದು ಚುನಾವಣೆ ಮುಗಿದು ಇನ್ನೊಂದು ಬಂದಿರುತ್ತದೆ.

ಹಿರಿಯೂರು ಮೇಷ್ಟ್ರು

ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಮೂರು ವರ್ಷ ತುಂಬುವ ಮೊದಲೇ, 2025ರ ಜನವರಿಯಲ್ಲಿ, ಮತ್ತೊಂದು ಸಲ. ಮಧ್ಯೆ 2023ರಲ್ಲಿ ಭೀಕರ ಬರ. ಇದಕ್ಕೆಲ್ಲ ಹವಾಮಾನವೇ ಕಾರಣ ಅಂತ ಒಂದೇ ಮಾತಿನಲ್ಲಿ ಹೇಳುವುದು ತಪ್ಪು, ಭದ್ರಾ ನೀರು ಬೇರೆ ಬಂದಿದೆ. ಆದರೆ ಮಳೆ 2034ರವರೆಗೆ ವರದಿಗೆ ಕಾಯುತ್ತಾ ಕೂರುವುದಿಲ್ಲ.

ಕೊನೇ ಭಾಗದ ರೈತ (ಹರಿಹರ ತಾಲ್ಲೂಕು)

ಲೆಕ್ಕಿಗ ಸರ್, ಗದ್ದೆಯಲ್ಲಿ ನೀರು ನಿಲ್ಲಿಸದೇ ಭತ್ತ ಬೆಳೆಯಬಹುದು ಅಂತ ಕೃಷಿ ಮೇಳದಲ್ಲಿ ಯಾರೋ ಪೈಪು ತೋರಿಸಿದ್ದರು. ಅನಿಲದ ಮಾತು ಬಿಡಿ, ನೀರು ಉಳಿಯುತ್ತದಾ? ನಮಗೆ ಬೇಸಿಗೆ ಬೆಳೆಗೆ ಕಾಲುವೆಯ ಕೊನೇ ಭಾಗಕ್ಕೆ ನೀರು ಮುಟ್ಟುವುದೇ ಅನುಮಾನ.

ಹಿರಿಯೂರು ಮೇಷ್ಟ್ರು

ನಾನು ಹೇಳುತ್ತೇನೆ, ನನ್ನ ತಮ್ಮನ ಗದ್ದೆಯಲ್ಲಿ ಮಾಡಿದ್ದೇವೆ. ಒಂದಡಿ ಉದ್ದದ ಪ್ಲಾಸ್ಟಿಕ್ ಪೈಪು, ಅಂಗೈ ಅಗಲ ಇರಲಿ. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಮಾಡಿ, ಅಷ್ಟನ್ನು ಮಣ್ಣಿನೊಳಗೆ ಇಳಿಸಿ, ಒಳಗಿನ ಮಣ್ಣು ತೆಗೆದುಬಿಡಿ. ನಾಟಿ ಆಗಿ ಎರಡು ವಾರ ಮಾಮೂಲಿ ನೀರು ಇರಲಿ, ಇಲ್ಲ ಅಂದರೆ ಕಳೆ ಏಳುತ್ತದೆ. ಆಮೇಲೆ ನೀರು ಬಿಟ್ಟು ನಿಲ್ಲಿಸಿ. ಪೈಪಿನೊಳಗೆ ನೀರು ನೆಲಕ್ಕಿಂತ ಅರ್ಧ ಅಡಿ ಕೆಳಗೆ ಹೋದಾಗ ಮತ್ತೆ ಬಿಡಿ. ಹೂವಾಡುವ ಹೊತ್ತಿಗೆ ಮಾತ್ರ, ಹಿಂದೆ ಒಂದು ವಾರ ಮುಂದೆ ಒಂದು ವಾರ, ಎರಡಂಗುಲ ನೀರು ನಿಂತೇ ಇರಬೇಕು. ಇಳುವರಿ ಕಮ್ಮಿ ಆಗುವುದಿಲ್ಲ. ನೀರು ಶೇ 30ರವರೆಗೆ ಉಳಿಯುತ್ತದೆ, ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಇಳಿಯುತ್ತದೆ.

ಕೊನೇ ಭಾಗದ ರೈತ (ಹರಿಹರ ತಾಲ್ಲೂಕು)

ಮೇಷ್ಟ್ರೇ, ನಿಮ್ಮ ತಮ್ಮನದ್ದು ಬೋರಿನ ನೀರಿರಬೇಕು, ಬೇಕಾದಾಗ ಬಿಡುತ್ತಾನೆ. ನಮ್ಮದು ಕಾಲುವೆ. ಬಿಟ್ಟಾಗ ತುಂಬಿಸಿಕೊಳ್ಳಬೇಕು, ಮತ್ತೆ ಸರದಿ ಬರುವವರೆಗೆ ಇರುತ್ತೋ ಇಲ್ಲವೋ ಗೊತ್ತಿಲ್ಲ. ಮೇಲಿನವರು ತೂಬಿಗೆ ಮೋಟಾರು ಇಟ್ಟು ಎಳೆಯುತ್ತಾರೆ. ಸರದಿ ದಿನಾಂಕ ಪಕ್ಕಾ ಆದರೆ ಪೈಪು ನಾಳೆಯೇ ಇಡುತ್ತೇನೆ. ಎಲ್ಲಿ ಸಿಗುತ್ತದೆ ಅದು, ತೂತು ಮಾಡಿದ್ದೇ ಸಿಗುತ್ತಾ?

ಹಿರಿಯೂರು ಮೇಷ್ಟ್ರು

ಹಾರ್ಡ್‌ವೇರ್ ಅಂಗಡಿಯ ನಾಲ್ಕಿಂಚು ಪಿವಿಸಿ ತುಂಡೇ ಸಾಕು. ತೂತು ಮನೆಯಲ್ಲೇ ಮಾಡಿಕೊಳ್ಳಿ, ಮೊಳೆ ಕಾಯಿಸಿ ಚುಚ್ಚಿದರೆ ಆಗುತ್ತದೆ. ಎಕರೆಗೆ ಎರಡು ಇಡಿ, ಗದ್ದೆ ಮಟ್ಟ ಇಲ್ಲದಿದ್ದರೆ ಮೂರು.